ಆ್ಯಂಗ್ರಿ (ಇಂಗ್ಲಿಷ್ ಗುಣವಾಚಕ)

ಆ್ಯಂಗ್ರಿ ಎಂಬುದು ಸಿಟ್ಟುಗೊಂಡ ಸ್ಥಿತಿಯನ್ನು ಸೂಚಿಸುವ ಇಂಗ್ಲಿಷ್ ಗುಣವಾಚಕ ಪದವಾಗಿದೆ. ದಿನನಿತ್ಯದ ಇಂಗ್ಲಿಷ್ ಮಾತು ಮತ್ತು ಬರಹಗಳಲ್ಲಿ ಭಾವನೆಯನ್ನು ತಿಳಿಸಲು ಅತಿ ಹೆಚ್ಚಾಗಿ ಬಳಕೆಯಾಗುವ ಪದಗಳಲ್ಲಿ ಇದೂ ಒಂದು. ಕನ್ನಡದಲ್ಲಿ ಇದಕ್ಕೆ ಸಮಾನವಾಗಿ ಸಾಮಾನ್ಯವಾಗಿ ಬಳಸುವ ‘ಸಿಟ್ಟು’, ‘ಕೋಪ’ ಎಂಬ ಪದಗಳು ಗುಣವಾಚಕಗಳಲ್ಲ, ನಾಮಪದಗಳು. ಇಂಗ್ಲಿಷಿನಲ್ಲಿ ವ್ಯಕ್ತಿಯು ‘ಆ್ಯಂಗ್ರಿ’ ಆಗಿರುತ್ತಾನೆ. ಕನ್ನಡದಲ್ಲಿ ವ್ಯಕ್ತಿಗೆ ಸಿಟ್ಟು ಬರುತ್ತದೆ. ಈ ಒಂದು ವ್ಯತ್ಯಾಸದಿಂದ ಕನ್ನಡ ಮಾಧ್ಯಮದಲ್ಲಿ ಓದುವ ವಿದ್ಯಾರ್ಥಿಗಳ ಇಂಗ್ಲಿಷ್ ವಾಕ್ಯಗಳಲ್ಲಿ ಹಲವು ಬಗೆಯ ತಪ್ಪುಗಳು ಹುಟ್ಟುತ್ತವೆ. ಬೆಳಗಾವಿ ಜಿಲ್ಲೆಯ ಕೌಜಲಗಿ, ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಭಾಗದ ಆಡುಮಾತಿನಲ್ಲಿ ಈ ವ್ಯತ್ಯಾಸವೂ ಅದನ್ನು ದಾಟುವ ದಾರಿಯೂ ಸ್ಪಷ್ಟವಾಗಿ ಕಾಣುವುದರಿಂದ ಈ ಲೇಖನದ ಹೆಚ್ಚಿನ ಉದಾಹರಣೆಗಳನ್ನು ಅಲ್ಲಿಯ ಮಾತಿನಿಂದ ಆರಿಸಲಾಗಿದೆ.

ಪದದ ಮೂಲ ಮತ್ತು ಉಚ್ಚಾರಣೆ

‘ಆ್ಯಂಗ್ರಿ’ ಪದವು ‘ಆ್ಯಂಗರ್’ ಎಂಬ ನಾಮಪದದಿಂದ ಸಾಧಿತವಾಗಿದೆ. ‘ಆ್ಯಂಗರ್’ ಇಂಗ್ಲಿಷಿನ ಮೂಲ ಪದವಲ್ಲ. ಸ್ಕ್ಯಾಂಡಿನೇವಿಯಾದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಜನರ ಹಳೆಯ ನಾರ್ಸ್ ಭಾಷೆಯ ‘ಅಂಗ್ರ್’ ಎಂಬ ಪದ ಇದರ ಮೂಲ. ಆ ಭಾಷೆಯಲ್ಲಿ ಅದಕ್ಕೆ ದುಃಖ, ತೊಂದರೆ ಎಂಬ ಅರ್ಥವಿತ್ತು. ಮಧ್ಯಕಾಲೀನ ಇಂಗ್ಲಿಷಿನಲ್ಲಿಯೂ ಮೊದಲು ಸಂಕಟ ಎಂಬ ಅರ್ಥದಲ್ಲಿಯೇ ಬಳಕೆಯಾಗಿ, ಕ್ರಮೇಣ ಸಿಟ್ಟು ಎಂಬ ಅರ್ಥಕ್ಕೆ ಸೀಮಿತವಾಯಿತು. ಇಕ್ಕಟ್ಟು, ಹಿಸುಕುವಿಕೆ ಎಂಬ ಅರ್ಥದ ಇಂಡೋ-ಯುರೋಪಿಯನ್ ಧಾತುವಿನಿಂದ ಈ ಪದ ಬಂದಿದೆ. ಇಂಗ್ಲಿಷಿನ ‘ಆ್ಯಂಕ್ಷಸ್’ ಮತ್ತು ‘ಆ್ಯಂಗ್ವಿಷ್’, ಜರ್ಮನಿನ ‘ಆಂಗ್‌ಸ್ಟ್’, ಸಂಸ್ಕೃತದ ‘ಅಂಹಸ್’ ಇವೆಲ್ಲ ಅದೇ ಧಾತುವಿನ ಬಳಗಕ್ಕೆ ಸೇರುತ್ತವೆ.

ಪದದಲ್ಲಿ ಎರಡು ಉಚ್ಚಾರಾಂಶಗಳಿವೆ. ಒತ್ತು ಮೊದಲನೆಯದರ ಮೇಲೆ ಬೀಳುತ್ತದೆ. ಮೊದಲ ಸ್ವರಕ್ಕೆ ಕನ್ನಡ ವರ್ಣಮಾಲೆಯಲ್ಲಿ ಪ್ರತ್ಯೇಕ ಅಕ್ಷರವಿಲ್ಲದ ಕಾರಣ ‘ಆ್ಯ’ ಎಂದು ಬರೆಯುವ ರೂಢಿಯಿದೆ. ‘ಆಂಗ್ರಿ’, ‘ಯಾಂಗ್ರಿ’ ಎಂಬ ಬರಹರೂಪಗಳೂ ಕಾಣಸಿಗುತ್ತವೆ. ಹಸಿದಿರುವ ಸ್ಥಿತಿಯನ್ನು ಹೇಳುವ ‘ಹಂಗ್ರಿ’ ಪದದೊಡನೆ ಇದು ಬೆರೆತುಹೋಗುವುದುಂಟು. ಕನ್ನಡದ ಕೆಲವು ಗ್ರಾಮೀಣ ಆಡುಮಾತುಗಳಲ್ಲಿ ಪದದ ಮೊದಲಿನ ಹಕಾರ ಬಿದ್ದುಹೋಗುತ್ತದೆ. ಆ ಅಭ್ಯಾಸ ಇಂಗ್ಲಿಷಿಗೂ ಬಂದಾಗ ‘ಐ ಆ್ಯಮ್ ಹಂಗ್ರಿ’ ಎನ್ನಹೊರಟವರ ಮಾತು ಕೇಳುವವರಿಗೆ ಸಿಟ್ಟಿನಂತೆ ತೋರುತ್ತದೆ. ಇಂಗ್ಲಿಷ್ ಮಾತನಾಡುವವರೇ ಈ ಎರಡು ಪದಗಳನ್ನು ಬೇಕೆಂದು ಕೂಡಿಸಿ, ಹಸಿವಿನಿಂದ ಸಿಡುಕುವ ಸ್ಥಿತಿಗೆ ‘ಹ್ಯಾಂಗ್ರಿ’ ಎಂಬ ಪದವನ್ನು ಮಾಡಿಕೊಂಡಿದ್ದಾರೆ. ಅದು 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿತು.

ವಾಕ್ಯದಲ್ಲಿ ಸ್ಥಾನ

ಇಂಗ್ಲಿಷ್ ವಾಕ್ಯದಲ್ಲಿ ‘ಆ್ಯಂಗ್ರಿ’ ಎರಡು ಸ್ಥಾನಗಳಲ್ಲಿ ಬರುತ್ತದೆ. ನಾಮಪದದ ಹಿಂದೆ ವಿಶೇಷಣವಾಗಿ ಬರುವುದು ಒಂದು: ‘ಆ್ಯನ್ ಆ್ಯಂಗ್ರಿ ಮ್ಯಾನ್’, ‘ಆ್ಯನ್ ಆ್ಯಂಗ್ರಿ ಲೆಟರ್’. ಪದವು ಸ್ವರದಿಂದ ಆರಂಭವಾಗುವುದರಿಂದ ಇಲ್ಲಿ ‘ಎ’ ಬದಲು ‘ಆ್ಯನ್’ ಬೇಕು. ಸಿಡ್ನಿ ಲ್ಯೂಮೆಟ್ ನಿರ್ದೇಶನದ 1957ರ ಅಮೆರಿಕನ್ ಚಲನಚಿತ್ರ ‘ಟ್ವೆಲ್ವ್ ಆ್ಯಂಗ್ರಿ ಮೆನ್’ ಹೆಸರಿನಲ್ಲಿರುವುದು ಈ ಬಳಕೆ.

ದಿನಬಳಕೆಯಲ್ಲಿ ಇದಕ್ಕಿಂತ ಮುಖ್ಯವಾದುದು ಎರಡನೆಯ ಸ್ಥಾನ. ‘ಬಿ’ ಕ್ರಿಯಾಪದದ ರೂಪಗಳಾದ ಆ್ಯಮ್, ಇಸ್, ಆರ್, ವಾಸ್, ವರ್ ಇವುಗಳ ಬಳಿಕ ಪದವು ವಾಕ್ಯದ ವಿಧೇಯ ಭಾಗದಲ್ಲಿ ನಿಲ್ಲುತ್ತದೆ: ‘ಐ ಆ್ಯಮ್ ಆ್ಯಂಗ್ರಿ’, ‘ಶಿ ಇಸ್ ಆ್ಯಂಗ್ರಿ’, ‘ದೇ ವರ್ ಆ್ಯಂಗ್ರಿ’. ನಿಷೇಧಕ್ಕೆ ‘ನಾಟ್’ ಸೇರುತ್ತದೆ. ಪ್ರಶ್ನೆಗೆ ಕ್ರಿಯಾಪದವು ಮುಂದೆ ಬಂದು ‘ಇಸ್ ಶಿ ಆ್ಯಂಗ್ರಿ?’ ಎಂದಾಗುತ್ತದೆ. ‘ಬಿ’ಗೆ ಬದಲಾಗಿ ‘ಗೆಟ್’, ‘ಲುಕ್’, ‘ಸೌಂಡ್’, ‘ಫೀಲ್’ ಮುಂತಾದ ಕ್ರಿಯಾಪದಗಳೂ ಬರಬಹುದು. ‘ಯು ಲುಕ್ ಆ್ಯಂಗ್ರಿ’ ಎಂದರೆ ಮುಖ ನೋಡಿದರೆ ಸಿಟ್ಟು ಬಂದಂತೆ ಕಾಣುತ್ತದೆ ಎಂದರ್ಥ. ‘ಯು ಸೌಂಡ್ ಆ್ಯಂಗ್ರಿ’ ಎಂದರೆ ದನಿ ಕೇಳಿದರೆ ಹಾಗೆ ಅನಿಸುತ್ತದೆ ಎಂದರ್ಥ. ಸಿಟ್ಟು ಬರಿಸಿದವರನ್ನು ಕರ್ತೃಸ್ಥಾನದಲ್ಲಿ ಇಡಬೇಕಾದರೆ ‘ಮೇಕ್’ ಬಳಸಲಾಗುತ್ತದೆ: ‘ಹಿಸ್ ವರ್ಡ್ಸ್ ಮೇಡ್ ಮಿ ಆ್ಯಂಗ್ರಿ’, ಅಂದರೆ ಅವನ ಮಾತು ನನಗೆ ಸಿಟ್ಟು ತರಿಸಿತು.

ಗುಣವಾಚಕವಾದ್ದರಿಂದ ಈ ಪದಕ್ಕೆ ಕಾಲಸೂಚಕ ಪ್ರತ್ಯಯಗಳು ಹತ್ತುವುದಿಲ್ಲ. ‘ಹಿ ಆ್ಯಂಗ್ರೀಡ್’, ‘ಹಿ ಇಸ್ ಆ್ಯಂಗ್ರಿಯಿಂಗ್’ ಎಂಬ ರೂಪಗಳು ಇಂಗ್ಲಿಷಿನಲ್ಲಿ ಇಲ್ಲ. ಕಾಲವನ್ನು ಹೇಳುವ ಕೆಲಸವನ್ನೆಲ್ಲ ‘ಬಿ’ ಅಥವಾ ‘ಗೆಟ್’ ಕ್ರಿಯಾಪದವೇ ಮಾಡುತ್ತದೆ. ಕನ್ನಡದಲ್ಲಿ ‘ಅವನು ಶಿಕ್ಷಕ’, ‘ಇದು ಹೊಸದು’ ಎಂಬಂತೆ ಕ್ರಿಯಾಪದವಿಲ್ಲದೆಯೂ ವಾಕ್ಯ ಪೂರ್ಣವಾಗುತ್ತದೆ. ಆ ಅಭ್ಯಾಸದಿಂದ ‘ವೈ ಯು ಆ್ಯಂಗ್ರಿ?’, ‘ಮೈ ಫಾದರ್ ಆ್ಯಂಗ್ರಿ’ ಎಂದು ‘ಬಿ’ಯನ್ನು ಬಿಟ್ಟುಬಿಡುವುದು ಸಾಮಾನ್ಯ. ‘ಡೋಂಟ್ ಆ್ಯಂಗ್ರಿ’ ಎಂಬುದೂ ಇದೇ ಜಾತಿಯ ತಪ್ಪು. ಸರಿಯಾದ ರೂಪ ‘ಡೋಂಟ್ ಬಿ ಆ್ಯಂಗ್ರಿ’.

ಕನ್ನಡದ ವಾಕ್ಯರಚನೆಯೊಡನೆ ಹೋಲಿಕೆ

ಕನ್ನಡದಲ್ಲಿ ಅಚ್ಚ ಗುಣಪದಗಳ ಗುಂಪು ಚಿಕ್ಕದು: ದೊಡ್ಡ, ಚಿಕ್ಕ, ಹೊಸ, ಹಳೆಯ, ಒಳ್ಳೆಯ, ಕೆಟ್ಟ ಮೊದಲಾದವು. ಸಿಟ್ಟು, ಭಯ, ಸಂತೋಷ, ದುಃಖ, ನಾಚಿಕೆ, ಬೇಸರ ಮುಂತಾದ ಭಾವಸೂಚಕಗಳು ನಾಮಪದಗಳಾಗಿವೆ. ಅವುಗಳನ್ನು ವಿಶೇಷಣವಾಗಿಸಲು ‘ಸಿಟ್ಟಿನ ಮುಖ’, ‘ಕೋಪಗೊಂಡ ಜನ’ ಎಂಬಂತೆ ಷಷ್ಠೀ ವಿಭಕ್ತಿಯನ್ನೋ ಕೃದಂತವನ್ನೋ ಬಳಸಬೇಕಾಗುತ್ತದೆ. ಇಂಗ್ಲಿಷ್ ಮತ್ತು ಸಂಸ್ಕೃತದ ವ್ಯಾಕರಣದ ಅಚ್ಚುಗಳಲ್ಲಿ ಕನ್ನಡವನ್ನು ಕೂಡಿಸುವುದರಿಂದಾಗುವ ತೊಡಕುಗಳನ್ನು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ ಅವರು ತಮ್ಮ ಕನ್ನಡ ಗ್ರಂಥಗಳಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ. ಲೋಕದ ಭಾಷೆಗಳಲ್ಲಿ ಗುಣವಾಚಕವೆಂಬ ವರ್ಗದ ಸ್ಥಾನವನ್ನು ಕುರಿತು ಅವರು 1994ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು.

ಭಾವನೆಯನ್ನು ಅನುಭವಿಸುವ ವ್ಯಕ್ತಿ ಕನ್ನಡ ವಾಕ್ಯದಲ್ಲಿ ಚತುರ್ಥೀ ವಿಭಕ್ತಿಯಲ್ಲಿ ಬರುತ್ತಾನೆ: ‘ನನಗೆ ಸಿಟ್ಟು ಬಂತು’, ‘ಅಪ್ಪನಿಗೆ ಸಿಟ್ಟು ಬಂತು’, ‘ಹುಡುಗರಿಗೆ ಸಿಟ್ಟು ಬಂತು’. ಮೂರು ವಾಕ್ಯಗಳಲ್ಲಿಯೂ ‘ಬಂತು’ ಎಂಬ ಕ್ರಿಯಾಪದ ಬದಲಾಗಿಲ್ಲ. ಅದು ಹೊಂದಿಕೊಂಡಿರುವುದು ನಪುಂಸಕ ಏಕವಚನದ ‘ಸಿಟ್ಟು’ ಎಂಬ ಪದಕ್ಕೆ. ಸಿಟ್ಟುಗೊಂಡವರು ಒಬ್ಬರೋ ಹಲವರೋ, ಗಂಡೋ ಹೆಣ್ಣೋ ಎಂಬುದನ್ನು ಕ್ರಿಯಾಪದ ಗಣಿಸುವುದಿಲ್ಲ. ಇಂಗ್ಲಿಷಿನಲ್ಲಾದರೆ ವ್ಯಕ್ತಿಯೇ ಕರ್ತೃವಾದ್ದರಿಂದ ವ್ಯಕ್ತಿ ಬದಲಾದಂತೆ ಆ್ಯಮ್, ಇಸ್, ಆರ್ ಎಂದು ಕ್ರಿಯಾಪದವೂ ಬದಲಾಗಬೇಕು. ಇಂತಹ ರಚನೆಗಳನ್ನು ಭಾಷಾವಿಜ್ಞಾನದಲ್ಲಿ ಚತುರ್ಥೀ ಕರ್ತೃ ರಚನೆಗಳೆಂದು ಕರೆಯಲಾಗುತ್ತದೆ. ಕನ್ನಡದ ಇಂತಹ ವಾಕ್ಯಗಳಲ್ಲಿ ನಿಜವಾದ ಕರ್ತೃ ಯಾವುದೆಂಬ ಪ್ರಶ್ನೆಯನ್ನು ಎಸ್. ಎನ್. ಶ್ರೀಧರ್ ಅವರು 1979ರ ಒಂದು ಲೇಖನದಲ್ಲಿ ಪರಿಶೀಲಿಸಿದ್ದಾರೆ.

ಕಾಲದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಶಾಲಾ ಪುಸ್ತಕಗಳು ಇದನ್ನು ಹೇಳುವುದು ಅಪರೂಪ. ಕನ್ನಡದಲ್ಲಿ ಸಿಟ್ಟು ‘ಬರುವ’ ವಸ್ತು. ಆದ್ದರಿಂದ ಈಗಿನ ಸ್ಥಿತಿಯನ್ನು ಹೇಳುವಾಗಲೂ ಅದು ಬಂದು ನಿಂತಿದೆ ಎಂಬ ಅರ್ಥದ ‘ಸಿಟ್ಟು ಬಂದಿದೆ’ ಎಂಬ ರೂಪ ಬೇಕು. ಕೌಜಲಗಿಯ ಕಡೆ ಇದು ‘ನನಗ ಸಿಟ್ಟ ಬಂದೈತಿ’ ಎಂದಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಸಮನಾದುದು ಸರಳ ವರ್ತಮಾನದ ‘ಐ ಆ್ಯಮ್ ಆ್ಯಂಗ್ರಿ’. ‘ಬಂದಿದೆ’ ಎಂಬುದನ್ನು ಪದಶಃ ಹಿಡಿದವರು ‘ಐ ಹ್ಯಾವ್ ಆ್ಯಂಗ್ರಿ’, ‘ಆ್ಯಂಗ್ರಿ ಹ್ಯಾಸ್ ಕಮ್ ಟು ಮಿ’ ಎಂದು ಬರೆಯುತ್ತಾರೆ. ‘ಸಿಟ್ಟು ಬಂತು’ ಎಂಬುದು ಸ್ಥಿತಿಯಲ್ಲ, ಘಟನೆ. ಅದು ‘ಐ ಗಾಟ್ ಆ್ಯಂಗ್ರಿ’. ‘ಸಿಟ್ಟು ಬಂದಿತ್ತು’ ಎಂದರೆ ‘ಐ ವಾಸ್ ಆ್ಯಂಗ್ರಿ’. ‘ಸಿಟ್ಟು ಬರುತ್ತದೆ’ ಎಂಬ ಒಂದೇ ರೂಪಕ್ಕೆ ಇಂಗ್ಲಿಷಿನಲ್ಲಿ ಎರಡು ಉತ್ತರಗಳಿವೆ: ಆಗಾಗ ಬರುವುದಾದರೆ ‘ಹಿ ಗೆಟ್ಸ್ ಆ್ಯಂಗ್ರಿ’, ಮುಂದೆ ಬರಲಿರುವುದಾದರೆ ‘ಹಿ ವಿಲ್ ಬಿ ಆ್ಯಂಗ್ರಿ’. ತಡವಾಗಿ ಮನೆಗೆ ಹೋಗುವ ಹುಡುಗಿ ‘ನಮ್ಮಪ್ಪಗ ಸಿಟ್ಟ ಬರತೈತಿ’ ಎಂದರೆ ಅದು ಎರಡನೆಯದು. ‘ಅವನಿಗೆ ನನ್ನ ಮೇಲೆ ಸಿಟ್ಟಿದೆ’ ಎಂಬಲ್ಲಿ ‘ಬಂದಿದೆ’ಗೆ ಬದಲಾಗಿ ‘ಇದೆ’ ಬಂದಿರುವುದರಿಂದ ಬಹುದಿನದಿಂದ ಉಳಿದಿರುವ ಅಸಮಾಧಾನ ಸೂಚಿತವಾಗುತ್ತದೆ; ಇಲ್ಲಿ ‘ಹಿ ಇಸ್ ಸ್ಟಿಲ್ ಆ್ಯಂಗ್ರಿ ವಿತ್ ಮಿ’ ಎಂದು ‘ಸ್ಟಿಲ್’ ಸೇರಿಸಿದರೆ ಅರ್ಥ ಹತ್ತಿರವಾಗುತ್ತದೆ.

ಕನ್ನಡದಲ್ಲಿ ಸಿಟ್ಟುಗೊಂಡವರು ಯಾವಾಗಲೂ ಚತುರ್ಥಿಯಲ್ಲಿಯೇ ಬರುತ್ತಾರೆಂದು ತಿಳಿಯುವುದು ಸರಿಯಲ್ಲ. ‘ಅವನು ಸಿಟ್ಟಾದ’, ‘ಅವನು ಸಿಟ್ಟಿಗೆದ್ದ’, ‘ಅವಳು ಕೋಪಗೊಂಡಳು’, ‘ಅವಳು ಮುನಿಸಿಕೊಂಡಳು’ ಎಂಬ ವಾಕ್ಯಗಳಲ್ಲಿ ವ್ಯಕ್ತಿಯೇ ಕರ್ತೃ, ಕ್ರಿಯಾಪದ ಹೊಂದಿಕೊಳ್ಳುವುದೂ ವ್ಯಕ್ತಿಗೇ. ಅದರಲ್ಲಿಯೂ ‘ಅವನು ಸಿಟ್ಟಾಗಿದ್ದಾನೆ’ ಎಂಬ ವಾಕ್ಯದ ಅಂಗಾಂಗಗಳು ‘ಹಿ ಇಸ್ ಆ್ಯಂಗ್ರಿ’ ಎಂಬುದರ ಅಂಗಾಂಗಗಳಿಗೆ ಒಂದಕ್ಕೊಂದು ಕೂಡುತ್ತವೆ: ‘ಅವನು’ ಎಂಬುದಕ್ಕೆ ‘ಹಿ’, ‘ಸಿಟ್ಟಾಗಿ’ ಎಂಬುದಕ್ಕೆ ‘ಆ್ಯಂಗ್ರಿ’, ‘ಇದ್ದಾನೆ’ ಎಂಬುದಕ್ಕೆ ‘ಇಸ್’. ಕೌಜಲಗಿ ಭಾಗದ ಆಡುಮಾತಿನಲ್ಲಿ ‘ಅಪ್ಪ ಸಿಟ್ಟಾಗ್ಯಾನ’, ‘ಅಕಿ ಸಿಟ್ಟಾಗ್ಯಾಳ’, ‘ಅವರು ಸಿಟ್ಟಾಗ್ಯಾರ’ ಎಂಬ ರೂಪಗಳು ಮಕ್ಕಳ ಬಾಯಲ್ಲಿಯೂ ಇವೆ. ‘ಆಗ್ಯಾನ’, ‘ಆಗ್ಯಾಳ’, ‘ಆಗ್ಯಾರ’ ಎಂದು ಕ್ರಿಯಾಪದ ಬದಲಾಗುವುದು ಇಂಗ್ಲಿಷಿನಲ್ಲಿ ಇಸ್, ಆರ್ ಎಂದು ಬದಲಾಗುವುದಕ್ಕೆ ಹತ್ತಿರವಾದ ನಡೆ. ಆದ್ದರಿಂದ ‘ಆ್ಯಂಗ್ರಿ ಎಂದರೆ ಸಿಟ್ಟು’ ಎಂದು ಕಲಿಸುವುದಕ್ಕಿಂತ ‘ಆ್ಯಂಗ್ರಿ ಎಂದರೆ ಸಿಟ್ಟಾಗಿರುವ’ ಎಂದು ಕಲಿಸುವುದು ಹೆಚ್ಚು ಉಪಯುಕ್ತ. ನಾಮಪದವನ್ನು ಅರ್ಥವಾಗಿ ಕೊಟ್ಟಾಗ ವಿದ್ಯಾರ್ಥಿ ಅದನ್ನು ನಾಮಪದದಂತೆಯೇ ಬಳಸುತ್ತಾನೆ. ‘ಬಿಕಾಸ್ ಆಫ್ ಆ್ಯಂಗ್ರಿ’, ‘ಹಿ ಸ್ಪೋಕ್ ವಿತ್ ಆ್ಯಂಗ್ರಿ’ ಎಂಬ ತಪ್ಪುಗಳ ಬೇರು ಅಲ್ಲಿದೆ. ‘ಸಿಟ್ಟಿನಿಂದ’ ಎಂಬುದಕ್ಕೆ ನಾಮಪದ ಬೇಕಾದಲ್ಲಿ ‘ಇನ್ ಆ್ಯಂಗರ್’ ಎಂದೂ, ಕ್ರಿಯಾವಿಶೇಷಣ ಬೇಕಾದಲ್ಲಿ ‘ಆ್ಯಂಗ್ರಿಲಿ’ ಎಂದೂ ಬರೆಯಬೇಕು.

‘ಮೇಲೆ’ ಎಂಬ ಪದದ ತೊಡಕು

ಭಾರತೀಯರ ಇಂಗ್ಲಿಷಿನಲ್ಲಿ ಈ ಪದಕ್ಕೆ ಸಂಬಂಧಿಸಿದಂತೆ ಅತ್ಯಂತ ಪರಿಚಿತವಾದ ತಪ್ಪು ‘ಆ್ಯಂಗ್ರಿ ಆನ್ ಮಿ’. ಕನ್ನಡದಲ್ಲಿ ಸಿಟ್ಟು ಯಾವಾಗಲೂ ಯಾರಾದರೊಬ್ಬರ ‘ಮೇಲೆ’ ಇರುತ್ತದೆ: ‘ಸರ್ ನನ್ನ ಮ್ಯಾಲ ಸಿಟ್ಟಾಗ್ಯಾರ’. ‘ಮೇಲೆ’ಗೆ ‘ಆನ್’ ಎಂಬ ಸಮಾನಪದವನ್ನು ಮೇಜು, ಪುಸ್ತಕಗಳ ಪಾಠದಲ್ಲಿ ಕಲಿತ ವಿದ್ಯಾರ್ಥಿಗೆ ‘ಸರ್ ಇಸ್ ಆ್ಯಂಗ್ರಿ ಆನ್ ಮಿ’ ಎಂಬುದು ಸಹಜವಾಗಿ ಬರುತ್ತದೆ. ಪ್ರಮಾಣ ಇಂಗ್ಲಿಷಿನಲ್ಲಿ ವ್ಯಕ್ತಿಯ ಮುಂದೆ ‘ವಿತ್’ ಅಥವಾ ‘ಆ್ಯಟ್’ ಬರುತ್ತದೆ: ‘ಸರ್ ಇಸ್ ಆ್ಯಂಗ್ರಿ ವಿತ್ ಮಿ’, ‘ಸರ್ ಇಸ್ ಆ್ಯಂಗ್ರಿ ಆ್ಯಟ್ ಮಿ’. ಎರಡೂ ಸರಿಯಾದ ರೂಪಗಳೇ. ‘ವಿತ್’ ಎಂಬುದಕ್ಕೆ ‘ಜೊತೆ’ ಎಂಬ ಅರ್ಥವನ್ನು ಮಾತ್ರ ಬಲ್ಲವರು ‘ಆ್ಯಂಗ್ರಿ ವಿತ್ ಮಿ’ ಎಂದರೆ ನನ್ನ ಜೊತೆ ಸೇರಿ ಬೇರೊಬ್ಬರ ಮೇಲೆ ಸಿಟ್ಟಾಗಿದ್ದಾರೆಂದು ತಿಳಿಯುವುದುಂಟು. ಆ ಅರ್ಥ ಇಲ್ಲಿಲ್ಲ.

ಸಿಟ್ಟಿಗೆ ಕಾರಣವಾದ ಸಂಗತಿಯ ಮುಂದೆ ‘ಅಬೌಟ್’ ಬರುತ್ತದೆ. ಕಬ್ಬಿನ ದರದ ಬಗ್ಗೆ ರೈತರು ಸಿಟ್ಟಾಗಿದ್ದಾರೆ ಎಂಬುದನ್ನು ‘ದ ಫಾರ್ಮರ್ಸ್ ಆರ್ ಆ್ಯಂಗ್ರಿ ಅಬೌಟ್ ದ ಪ್ರೈಸ್ ಆಫ್ ಶುಗರ್‌ಕೇನ್’ ಎನ್ನಬಹುದು. ವರದಿಗಳಲ್ಲಿ ‘ಅಬೌಟ್’ಗೆ ಬದಲಾಗಿ ‘ಓವರ್’ ಕೂಡ ಕಾಣುತ್ತದೆ. ಯಾರೋ ಮಾಡಿದ ಕೆಲಸವನ್ನು ಹೇಳಬೇಕಾದಾಗ ‘ಫಾರ್’ ಬಳಸಿ ಕ್ರಿಯಾಪದಕ್ಕೆ ‘ಇಂಗ್’ ಹಚ್ಚಲಾಗುತ್ತದೆ: ‘ಮದರ್ ವಾಸ್ ಆ್ಯಂಗ್ರಿ ವಿತ್ ಹಿಮ್ ಫಾರ್ ಕಮಿಂಗ್ ಲೇಟ್’. ಪೂರ್ಣ ವಾಕ್ಯವೇ ಕಾರಣವಾದರೆ ‘ದ್ಯಾಟ್’ ಸಾಕು: ‘ಶಿ ಇಸ್ ಆ್ಯಂಗ್ರಿ ದ್ಯಾಟ್ ದ ಬಸ್ ಡಿಡ್ ನಾಟ್ ಸ್ಟಾಪ್’.

ಗಡಿಭಾಗದ ಇತರ ಭಾಷೆಗಳು

ಹುಕ್ಕೇರಿ ಮತ್ತು ಗೋಕಾಕದ ಆಸುಪಾಸಿನಲ್ಲಿ ಕನ್ನಡದ ಜೊತೆಗೆ ಮರಾಠಿ ಮತ್ತು ದಖನಿ ಉರ್ದು ಮಾತನಾಡುವ ಮನೆಗಳೂ ಇವೆ. ಇಂಗ್ಲಿಷಿನ ಕಡೆಯಿಂದ ನೋಡಿದರೆ ಮೂರೂ ಭಾಷೆಗಳು ಒಂದೇ ದಡದಲ್ಲಿವೆ. ಮರಾಠಿಯಲ್ಲಿ ‘ಮಲಾ ರಾಗ ಆಲಾ’, ಉರ್ದು ಮತ್ತು ಹಿಂದಿಯಲ್ಲಿ ‘ಮುಝೇ ಗುಸ್ಸಾ ಆಯಾ’. ಎರಡರಲ್ಲಿಯೂ ವ್ಯಕ್ತಿಗೆ ಸಿಟ್ಟು ‘ಬರುತ್ತದೆ’, ಎರಡರಲ್ಲಿಯೂ ಅದು ಯಾರದೋ ‘ಮೇಲೆ’ ಬರುತ್ತದೆ. ಮರಾಠಿ ಮನೆಮಾತಿನ ವಿದ್ಯಾರ್ಥಿಯೂ ‘ಆ್ಯಂಗ್ರಿ ಆನ್ ಮಿ’ ಎಂದೇ ಬರೆಯುವುದು ಈ ಕಾರಣದಿಂದ. ಮರಾಠಿಯ ‘ರಾಗ’ ಎಂದರೆ ಸಿಟ್ಟು. ಕನ್ನಡದ ‘ರಾಗ’ ಎಂದರೆ ಸಂಗೀತದ ರಾಗ ಅಥವಾ ಅನುರಾಗ. ಎರಡೂ ಭಾಷೆ ಬಲ್ಲ ಮನೆಗಳಲ್ಲಿ ಇದು ತಮಾಷೆಗೆ ಒದಗುವ ಪದ.

ದ್ರಾವಿಡ ಮತ್ತು ಇಂಡೋ-ಆರ್ಯನ್ ಎಂಬ ಬೇರೆ ಬೇರೆ ಕುಲಗಳ ಭಾಷೆಗಳು ಬಹುಕಾಲದ ಒಡನಾಟದಿಂದ ರಚನೆಯಲ್ಲಿ ಒಂದನ್ನೊಂದು ಹೋಲುತ್ತ ಬಂದಿವೆ ಎಂಬುದನ್ನು ಮರ್ರೆ ಬಿ. ಎಮಿನೊ ಅವರು 1956ರ ಪ್ರಸಿದ್ಧ ಲೇಖನವೊಂದರಲ್ಲಿ ನಿರೂಪಿಸಿದರು. ಅನುಭವಿಸುವವರನ್ನು ಚತುರ್ಥಿಯಲ್ಲಿ ಇಡುವ ರಚನೆಯನ್ನು ಅನಂತರದ ವಿದ್ವಾಂಸರು ಇಂತಹ ಸಮಾನ ಲಕ್ಷಣಗಳಲ್ಲಿ ಒಂದಾಗಿ ಗುರುತಿಸಿದ್ದಾರೆ. ದಕ್ಷಿಣ ಏಷ್ಯಾದ ಭಾಷೆಗಳಲ್ಲಿನ ಈ ರಚನೆಗಳ ಕುರಿತ ಲೇಖನಗಳ ಸಂಪುಟವೊಂದು ಮಣೀಂದ್ರ ವರ್ಮಾ ಮತ್ತು ಕೆ. ಪಿ. ಮೋಹನನ್ ಅವರ ಸಂಪಾದಕತ್ವದಲ್ಲಿ 1990ರಲ್ಲಿ ಪ್ರಕಟವಾಯಿತು. ‘ಆ್ಯಂಗ್ರಿ ಆನ್ ಮಿ’ ಎಂಬುದನ್ನು ಒಂದು ಊರಿನ ಅಥವಾ ಒಂದು ಮಾಧ್ಯಮದ ಮಕ್ಕಳ ದಡ್ಡತನವೆಂದು ನಗುವವರಿಗೆ ಈ ಹಿನ್ನೆಲೆ ತಿಳಿದಿರುವುದಿಲ್ಲ.

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಎಸ್.ಎಸ್.ಎಲ್.ಸಿ.ಯಲ್ಲಿ ಸಾಮಾನ್ಯವಾಗಿ ಕನ್ನಡವನ್ನು ಪ್ರಥಮ ಭಾಷೆಯಾಗಿಯೂ ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿಯೂ ಓದುತ್ತಾರೆ. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆಯ ಸ್ಥಾನ ಯಾವುದಕ್ಕೆ ಎಂಬ ಪ್ರಶ್ನೆ ವಿ. ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿಯ 1981ರ ವರದಿಯಿಂದಲೂ ಅದರ ಬೆನ್ನಿಗೆ ನಡೆದ ಗೋಕಾಕ ಚಳವಳಿಯಿಂದಲೂ ರಾಜ್ಯವ್ಯಾಪಿ ಚರ್ಚೆಯಾಯಿತು. ಚಳವಳಿಯ ಹೆಸರು ಗೋಕಾಕ ಪಟ್ಟಣದಿಂದ ಬಂದುದಲ್ಲ; ಸವಣೂರಿನಲ್ಲಿ ಜನಿಸಿದ, ಇಂಗ್ಲಿಷ್ ಪ್ರಾಧ್ಯಾಪಕರೂ ಕನ್ನಡದ ಕವಿಯೂ ಆಗಿದ್ದ ಅಧ್ಯಕ್ಷರ ಹೆಸರಿನಿಂದ ಬಂದುದು.

ವಿನಯದ ಮಾತು ಮತ್ತು ‘ಆ್ಯಂಗ್ರಿ’

ವ್ಯಾಕರಣ ಸರಿಯಾಗಿದ್ದರೂ ಈ ಪದ ಎಡವಟ್ಟಾಗಬಹುದಾದ ಸಂದರ್ಭಗಳಿವೆ. ಉತ್ತರ ಕರ್ನಾಟಕದಲ್ಲಿ ಹಿರಿಯರಿಗೆ ಏನಾದರೂ ಕೇಳುವ ಮುನ್ನ ‘ಸಿಟ್ಟ ಮಾಡಬ್ಯಾಡ್ರಿ ಕಾಕಾ, ಒಂದ ಮಾತ ಕೇಳತೇನಿ’ ಎನ್ನುವುದು ಮರ್ಯಾದೆಯ ಮಾತು. ಕಾಕಾ ನಿಜವಾಗಿ ಸಿಟ್ಟಾಗುವರೆಂಬ ಭಯ ಅದರಲ್ಲಿ ಇರಲೇಬೇಕೆಂದಿಲ್ಲ. ಅದನ್ನೇ ‘ಪ್ಲೀಸ್ ಡೋಂಟ್ ಬಿ ಆ್ಯಂಗ್ರಿ’ ಎಂದು ಇಂಗ್ಲಿಷಿಗೆ ತಂದರೆ ಕೇಳುವವರು ಏನೋ ತಪ್ಪು ನಡೆದಿದೆ, ಕೆಟ್ಟ ಸುದ್ದಿ ಬರಲಿದೆ ಎಂದು ಎದುರುನೋಡುತ್ತಾರೆ. ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಬರುವ ಮಾತು ‘ಇಫ್ ಯು ಡೋಂಟ್ ಮೈಂಡ್’ ಅಥವಾ ‘ಮೇ ಐ ಆಸ್ಕ್ ಯು ಸಮ್‌ಥಿಂಗ್’. ನೌಕರಿಯ ಸಂದರ್ಶನದಲ್ಲಿ ಕುಳಿತ ಅಭ್ಯರ್ಥಿ ಪ್ರಶ್ನೆ ಅರ್ಥವಾಗದೆ ‘ಡೋಂಟ್ ಬಿ ಆ್ಯಂಗ್ರಿ ಸರ್, ಪ್ಲೀಸ್ ರಿಪೀಟ್’ ಎಂದರೆ, ಅವನು ತೋರಿಸಬಯಸಿದ್ದು ವಿನಯವಾದರೂ ಎದುರಿನವರಿಗೆ ತಾವು ಸಿಟ್ಟಾದಂತೆ ಕಂಡೆವೇ ಎಂಬ ಇರುಸುಮುರುಸು ಉಂಟಾಗಬಹುದು.

ಕನ್ನಡದಲ್ಲಿ ‘ರಿ’ ಸೇರಿಸಿದೊಡನೆ ಮಾತು ಮೆತ್ತಗಾಗುತ್ತದೆ: ‘ಯಾಕ ಸಿಟ್ಟಾಗಿ?’ ಎಂದು ಗೆಳೆಯನನ್ನು ಕೇಳುವುದು ಬೇರೆ, ‘ಯಾಕ್ರಿ, ಸಿಟ್ಟಾಗೀರೇನ್ರಿ?’ ಎಂದು ಹಿರಿಯರನ್ನು ಕೇಳುವುದು ಬೇರೆ. ಇಂಗ್ಲಿಷಿನ ‘ಆರ್ ಯು ಆ್ಯಂಗ್ರಿ?’ ಎಂಬುದಕ್ಕೆ ಅಂತಹ ಪ್ರತ್ಯಯವಿಲ್ಲದ ಕಾರಣ ಗೌರವವನ್ನು ಪದದ ಆಯ್ಕೆಯಿಂದಲೇ ತೋರಿಸಬೇಕಾಗುತ್ತದೆ. ಮೇಲಧಿಕಾರಿಯ ಅಥವಾ ಶಿಕ್ಷಕರ ಬಗ್ಗೆ ‘ಆ್ಯಂಗ್ರಿ’ ಎನ್ನುವುದಕ್ಕಿಂತ ‘ಅಪ್‌ಸೆಟ್’ ಅಥವಾ ‘ನಾಟ್ ಹ್ಯಾಪಿ’ ಎನ್ನುವುದು ವಾಡಿಕೆ. ದೂರಿನ ಪತ್ರಗಳಲ್ಲಿಯೂ ಇದೇ ನಡೆ. ಪಾಸ್‌ಬುಕ್ಕಿನಲ್ಲಿ ನಮೂದು ತಪ್ಪಾಗಿರುವುದನ್ನು ತಿಳಿಸುವ ಪತ್ರದಲ್ಲಿ ‘ಐ ಆ್ಯಮ್ ವೆರಿ ಆ್ಯಂಗ್ರಿ ವಿತ್ ಯು’ ಎಂದು ಬರೆದರೆ ಅದು ಜಗಳದ ಮಾತಾಗುತ್ತದೆ. ‘ಐ ಆ್ಯಮ್ ಡಿಸಪಾಯಿಂಟೆಡ್’ ಎಂದು ಬರೆದು ಆಗಬೇಕಾದ ಕೆಲಸವನ್ನು ಸ್ಪಷ್ಟವಾಗಿ ತಿಳಿಸಿದರೆ ಅಸಮಾಧಾನವೂ ತಲುಪುತ್ತದೆ, ಸಂಬಂಧವೂ ಕೆಡುವುದಿಲ್ಲ. ಪರೀಕ್ಷೆಯ ಪತ್ರಲೇಖನದಲ್ಲಿಯೂ ಈ ಎಚ್ಚರ ಅಗತ್ಯ.

ತೀವ್ರತೆ ಮತ್ತು ಸಮೀಪದ ಪದಗಳು

ಸಿಟ್ಟಿನ ಪ್ರಮಾಣವನ್ನು ‘ಎ ಲಿಟ್ಲ್’, ‘ಕ್ವೈಟ್’, ‘ವೆರಿ’, ‘ಸೋ’ ಮುಂತಾದ ಪದಗಳಿಂದ ಸೂಚಿಸಲಾಗುತ್ತದೆ. ಹೋಲಿಕೆಯ ರೂಪಗಳು ‘ಆ್ಯಂಗ್ರಿಯರ್’ ಮತ್ತು ‘ಆ್ಯಂಗ್ರಿಯೆಸ್ಟ್’. ‘ತುಂಬಾ ಸಿಟ್ಟು’ ಎಂಬುದಕ್ಕೆ ‘ಟೂ ಆ್ಯಂಗ್ರಿ’ ಎಂದು ಬರೆಯುವ ಅಭ್ಯಾಸ ವ್ಯಾಪಕವಾಗಿದೆ. ‘ಟೂ’ ಎಂದರೆ ಮಿತಿಮೀರಿದ ಎಂದರ್ಥ, ಅದರ ಬೆನ್ನಿಗೆ ಒಂದು ಪರಿಣಾಮವನ್ನು ಕೇಳುವವರು ನಿರೀಕ್ಷಿಸುತ್ತಾರೆ: ‘ಹಿ ವಾಸ್ ಟೂ ಆ್ಯಂಗ್ರಿ ಟು ಸ್ಪೀಕ್’, ಅಂದರೆ ಮಾತೇ ಹೊರಡದಷ್ಟು ಸಿಟ್ಟಾಗಿದ್ದ. ಬರಿಯ ಹೆಚ್ಚಳಕ್ಕೆ ‘ವೆರಿ’ ಸಾಕು.

ಕಿರಿಕಿರಿಯಷ್ಟೇ ಆಗಿದ್ದರೆ ಇಂಗ್ಲಿಷಿನಲ್ಲಿ ‘ಅನಾಯ್ಡ್’, ಮಿತಿಮೀರಿದ ರೋಷವಾದರೆ ‘ಫ್ಯೂರಿಯಸ್’. ಅಮೆರಿಕದ ಮಾತಿನಲ್ಲಿ ‘ಮ್ಯಾಡ್’ ಎಂಬುದೂ ಸಿಟ್ಟನ್ನೇ ಹೇಳುತ್ತದೆ; ಬ್ರಿಟನ್ನಿನಲ್ಲಿ ಅದಕ್ಕೆ ಹುಚ್ಚು ಎಂಬ ಅರ್ಥ ಪ್ರಧಾನ. ಕನ್ನಡದ ‘ಮುನಿಸು’ ಎಂಬುದಕ್ಕೆ ಮಾತ್ರ ‘ಆ್ಯಂಗ್ರಿ’ ಸರಿಹೊಂದದು. ಮುನಿಸು ಹತ್ತಿರದವರ ನಡುವಿನದು, ಮಾತು ಬಿಟ್ಟು ಕೂರುವಂಥದು, ಸಮಾಧಾನಪಡಿಸಲೆಂದು ಕಾಯುವಂಥದು. ‘ಸಲ್ಕಿಂಗ್’ ಎಂಬ ಇಂಗ್ಲಿಷ್ ಪದದಲ್ಲಿ ಮಾತು ಬಿಡುವಿಕೆ ಇದೆ, ಆದರೆ ಪ್ರೀತಿ ಇಲ್ಲ, ತುಸು ತಿರಸ್ಕಾರವೇ ಇದೆ. ಸ್ವಭಾವತಃ ಬೇಗ ಸಿಟ್ಟಾಗುವ, ಮೂಗಿನ ತುದಿಯಲ್ಲಿಯೇ ಕೋಪ ಇಟ್ಟುಕೊಂಡಿರುವ ಮುಂಗೋಪಿಯನ್ನು ‘ಆ್ಯಂಗ್ರಿ’ ಎನ್ನುವುದಕ್ಕಿಂತ ‘ಶಾರ್ಟ್-ಟೆಂಪರ್ಡ್’ ಎನ್ನುವುದು ಸೂಕ್ತ. ಭಾರತದಲ್ಲಿ ಬಳಕೆಯಲ್ಲಿರುವ ‘ಹಿ ಇಸ್ ಎ ಶಾರ್ಟ್ ಟೆಂಪರ್’ ಎಂಬ ರೂಪ ಸರಿಯಲ್ಲ.

ಇತರ ಬಳಕೆಗಳು

ಮನುಷ್ಯರಲ್ಲದೆ ಪ್ರಕೃತಿಯ ವಸ್ತುಗಳಿಗೂ ‘ಆ್ಯಂಗ್ರಿ’ ಅನ್ವಯವಾಗುತ್ತದೆ. ‘ಆ್ಯಂಗ್ರಿ ಸೀ’ ಎಂದರೆ ಅಬ್ಬರಿಸುವ ಕಡಲು. ‘ಆ್ಯಂಗ್ರಿ ಸ್ಕೈ’ ಎಂದರೆ ಬಿರುಗಾಳಿಯನ್ನು ಸೂಚಿಸುವ ಕಪ್ಪುಗಟ್ಟಿದ ಆಕಾಶ. ಕೆಂಪಗೆ ಬಾತು ನೋಯುವ ಗಾಯವನ್ನು ‘ಆ್ಯಂಗ್ರಿ ವೂಂಡ್’ ಎನ್ನುತ್ತಾರೆ. ನಾರ್ಸ್ ಮೂಲದಲ್ಲಿದ್ದ ಸಂಕಟದ ಅರ್ಥಕ್ಕೆ ಇದು ಹತ್ತಿರವಾಗಿ ತೋರುತ್ತದೆ.

1950ರ ದಶಕದ ಬ್ರಿಟನ್ನಿನಲ್ಲಿ ಅಂದಿನ ಸಮಾಜವ್ಯವಸ್ಥೆಯ ವಿರುದ್ಧ ಅಸಹನೆ ವ್ಯಕ್ತಪಡಿಸಿದ ಲೇಖಕರ ಗುಂಪಿಗೆ ಪತ್ರಿಕೆಗಳು ‘ಆ್ಯಂಗ್ರಿ ಯಂಗ್ ಮೆನ್’ ಎಂದು ಹೆಸರಿಟ್ಟವು. ಜಾನ್ ಆಸ್ಬರ್ನ್ ಅವರ 1956ರ ನಾಟಕ ‘ಲುಕ್ ಬ್ಯಾಕ್ ಇನ್ ಆ್ಯಂಗರ್’ ಈ ಹೆಸರಿನೊಡನೆ ಹೆಚ್ಚಾಗಿ ಜೋಡಣೆಯಾಗಿದೆ. ಭಾರತದಲ್ಲಿ ‘ಆ್ಯಂಗ್ರಿ ಯಂಗ್ ಮ್ಯಾನ್’ ಎಂಬ ಬಿರುದು 1973ರ ಹಿಂದಿ ಚಿತ್ರ ‘ಜಂಜೀರ್’ನಿಂದ ಅಮಿತಾಭ್ ಬಚ್ಚನ್ ಅವರಿಗೆ ಅಂಟಿಕೊಂಡಿತು. ಅದಕ್ಕೆ ಒಂದು ವರ್ಷ ಮೊದಲೇ, ತ. ರಾ. ಸುಬ್ಬರಾಯರ ಕಥೆಯನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ನಾಗರಹಾವು’ ಚಿತ್ರದಲ್ಲಿ ವಿಷ್ಣುವರ್ಧನ್ ಅವರು ಸಿಟ್ಟಿನ ಯುವಕ ರಾಮಾಚಾರಿಯಾಗಿ ಕನ್ನಡಿಗರ ಮುಂದೆ ಬಂದಿದ್ದರು. ಕನ್ನಡದ ಸಿನಿಮಾ ಬರಹಗಳಲ್ಲಿ ಈ ಪದಪುಂಜವನ್ನು ಅನುವಾದಿಸದೆ ‘ಆ್ಯಂಗ್ರಿ ಯಂಗ್ ಮ್ಯಾನ್’ ಎಂದೇ ಬಳಸುವುದು ಹೆಚ್ಚು.

2016ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಸಂಸ್ಥೆಯು ‘ಲೈಕ್’ ಜೊತೆಗೆ ಸೇರಿಸಿದ ಐದು ಪ್ರತಿಕ್ರಿಯಾ ಚಿಹ್ನೆಗಳಲ್ಲಿ ‘ಆ್ಯಂಗ್ರಿ’ ಕೂಡ ಒಂದು. ಹುಬ್ಬು ಗಂಟಿಕ್ಕಿ ಕೆಂಪಾದ ಆ ಮುಖದ ಚಿಹ್ನೆಯನ್ನು ಒತ್ತುವವರಿಗೆ ‘ಬಿ’ ಕ್ರಿಯಾಪದವೂ ಬೇಕಿಲ್ಲ, ‘ವಿತ್’, ‘ಆನ್’ಗಳ ಗೊಂದಲವೂ ಇಲ್ಲ.